ಏಳನೇ ಹೋಲ್‌ಸ್ಟರ್ ಸೊಂಟಕ್ಕೆ ಕೂತಿತು

ನಿನ್ನೆ ಹೊಸ ಹೋಲ್‌ಸ್ಟರ್, ಅಂದರೆ ಗನ್ನಿನ ಒರೆ, ಸೊಂಟಕ್ಕೆ ಹಾಕಿಕೊಂಡು ಅಂಗಡಿಯಲ್ಲಿ ಹತ್ತೂವರೆ ಗಂಟೆ ಇದ್ದೆ. 20 ಪೌಂಡಿನ ಸೋನಾ ಮಸೂರಿ ಚೀಲಗಳನ್ನು ಬಗ್ಗಿ ಎತ್ತಿ ಜೋಡಿಸಿದೆ. ಕೆಳಗಿನ ಸಾಲಿನ ಉಪ್ಪಿನಕಾಯಿ ಬಾಟಲಿ ಎಣಿಸಲು ಕುಕ್ಕರುಗಾಲಲ್ಲಿ ಕೂತೆ. ಬಾಗಿಲು ಹಾಕಿ, ದಿನದ ಹಣ ತೆಗೆದುಕೊಂಡು, ನಲವತ್ತು ನಿಮಿಷ ಕಾರು ಓಡಿಸಿ ಮನೆಗೆ ಬಂದೆ. ಕನ್ನಡಿ ಮುಂದೆ ನಿಂತು ಕುರ್ತಾ ಎತ್ತಿ ನೋಡಿದರೆ ಪಕ್ಕೆಲುಬಿನ ಮೇಲೆ ಕೆಂಪು ಗೆರೆ ಇಲ್ಲ! ಹದಿನಾಲ್ಕು ತಿಂಗಳಲ್ಲಿ ಇದೇ ಮೊದಲು. ಇವರನ್ನು ಕರೆದು ತೋರಿಸಿದೆ. "ಏನೂ ಕಾಣ್ತಾ ಇಲ್ವಲ್ಲ" ಅಂದರು. ನನಗೆ ಬೇಕಾಗಿದ್ದೂ ಅದೇ ಮಾತು.

ಗನ್ ಖರೀದಿ, ತಪಾಸಣೆ, ಕ್ಲಾಸು ಇದೆಲ್ಲ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ. ಟೆಕ್ಸಾಸಿನಲ್ಲಿ 2021ರ ಸೆಪ್ಟೆಂಬರ್ 1ರಿಂದ 21 ವರ್ಷ ತುಂಬಿದ ಅರ್ಹರು ಲೈಸೆನ್ಸ್ ಇಲ್ಲದೆಯೂ ಗನ್ ಇಟ್ಟುಕೊಂಡು ಓಡಾಡಬಹುದು. ಆದರೂ ನಾನು ಕ್ಲಾಸಿಗೆ ಹೋಗಿ ಲೈಸೆನ್ಸ್ ಮಾಡಿಸಿಕೊಂಡೆ, ಕಲಿತದ್ದು ವ್ಯರ್ಥವಾಗಲಿಲ್ಲ. ಎಚ್-1ಬಿ ಕೆಲಸದ ವೀಸಾ ಮೇಲೆ ಇರುವ ಗೆಳತಿಯರಿಗೆ ಒಂದು ಮಾತು: ಬೇಟೆ ಲೈಸೆನ್ಸಿನಂಥ ಕೆಲವು ವಿನಾಯಿತಿ ಬಿಟ್ಟರೆ ಆ ವೀಸಾದವರು ಗನ್ ಇಟ್ಟುಕೊಳ್ಳಲು ಫೆಡರಲ್ ಕಾನೂನು ಬಿಡುವುದಿಲ್ಲ. ವಕೀಲರನ್ನು ಕೇಳದೆ ಗುಂಡು ಹೊಡೆದು ಕಲಿಯುವ ರೇಂಜಿನ ಬಾಗಿಲಿಗೂ ಹೋಗಬೇಡಿ.

ನನ್ನ ಎತ್ತರ 4 ಅಡಿ 11 ಅಂಗುಲ, ತೂಕ 46 ಕಿಲೋ. ಸೊಂಟದ ಮೂಳೆಯಿಂದ ಕೊನೆಯ ಪಕ್ಕೆಲುಬಿಗೆ ಮೂರು ಬೆರಳಗಲ ಜಾಗ. ಇಡೀ ಕಥೆ ಆ ಮೂರು ಬೆರಳಿನದೇ.

ಗನ್ ಆಯ್ಕೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಯಾವ ಅಂಗಡಿಗೆ ಹೋದರೂ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಎರಡರಲ್ಲಿ ಒಂದನ್ನು ಕೈಗೆ ಕೊಡುತ್ತಿದ್ದರು: ರೂಗರ್ ಎಲ್‌ಸಿಪಿ, ಇಲ್ಲವೇ ಸ್ಮಿತ್ ಅಂಡ್ ವೆಸನ್ 642 ರಿವಾಲ್ವರ್. ಚಿಕ್ಕ ಹೆಂಗಸಿಗೆ ಚಿಕ್ಕ ಗನ್ ಅನ್ನುವ ಲೆಕ್ಕ. ರೇಂಜಿನಲ್ಲಿ ಬಾಡಿಗೆಗೆ ತೆಗೆದುಕೊಂಡು ಹೊಡೆದ ಮೇಲೆ ಆ ಲೆಕ್ಕ ತಲೆಕೆಳಗು ಅಂತ ಕೈಗೇ ಗೊತ್ತಾಯಿತು. ಎಲ್‌ಸಿಪಿ ಖಾಲಿ ಇದ್ದಾಗ ಮುಕ್ಕಾಲು ಪೌಂಡೂ ತೂಗುವುದಿಲ್ಲ. ಒದೆತ ತಡೆಯಲು ಅದರಲ್ಲಿ ತೂಕವೇ ಇಲ್ಲ, ಬಂದಷ್ಟೂ ಹೆಬ್ಬೆರಳಿನ ಬುಡಕ್ಕೆ ಬಂದು ಬೀಳುತ್ತದೆ. 642ರ ತೂಕವೂ ಒಂದು ಪೌಂಡ್ ಮುಟ್ಟುವುದಿಲ್ಲ, ಅದರ ಟ್ರಿಗರ್ ಎಳೆಯಲು ಸುಮಾರು ಹನ್ನೆರಡು ಪೌಂಡ್ ಬಲ ಬೇಕು. ನನ್ನ ತೋರುಬೆರಳು ಎಳೆದು ಮುಗಿಸುವ ಹೊತ್ತಿಗೆ ನಳಿಗೆ ಗುರಿ ಬಿಟ್ಟು ಆಚೆ ಹೋಗಿರುತ್ತಿತ್ತು. ಸ್ಮಿತ್ ಅಂಡ್ ವೆಸನ್ನಿನದೇ ಇನ್ನೊಂದು ಪಿಸ್ತೂಲು ಶೀಲ್ಡ್ ಇಝೀ. ಅದರ ಸ್ಲೈಡು, ಅಂದರೆ ಗುಂಡು ಏರಿಸಲು ಹಿಂದಕ್ಕೆ ಎಳೆಯುವ ಮೇಲ್ಭಾಗ, ಬೆಣ್ಣೆ. ಆದರೆ ಎತ್ತರ ಹೆಚ್ಚುಕಡಿಮೆ 5 ಅಂಗುಲ, ನನ್ನ ಮೂರು ಬೆರಳಿಗೆ ಅದು ದೂರದ ಮಾತು.

ಕೊನೆಗೆ ನಿಂತದ್ದು ಸಿಗ್ ಪಿ365ರ ಪಾಯಿಂಟ್ 380 ಗುಂಡಿನ ಮಾದರಿಗೆ. 9 ಎಂಎಂ ಪಿ365 ಬಂದದ್ದು 2018ರಲ್ಲಿ, ಇದು 2022ರಲ್ಲಿ. ನಳಿಗೆ 3.1 ಅಂಗುಲ, ಖಾಲಿ ತೂಕ ಸುಮಾರು 445 ಗ್ರಾಂ, ಮ್ಯಾಗಜಿನ್‌ನಲ್ಲಿ ಹತ್ತು ಗುಂಡು. ಸ್ಲೈಡ್ ಎಳೆಯಲು ಬರುವುದಿಲ್ಲ ಅಂತ ಬೇಜಾರು ಮಾಡಿಕೊಂಡಿರುವ ಅಕ್ಕತಂಗಿಯರೇ, ಮೊದಲು ಎಳೆಯುವುದನ್ನು ಬಿಡಿ. ನಳಿಗೆಯನ್ನು ಗುರಿ ಹಲಗೆಯ ಕಡೆಗೇ ಇಟ್ಟು, ಗನ್ನನ್ನು ಎದೆಗೆ ಹತ್ತಿರ ತಂದು, ಎಡಗೈ ಮುಷ್ಟಿಯಲ್ಲಿ ಸ್ಲೈಡಿನ ಹಿಂಭಾಗ ಗಟ್ಟಿ ಹಿಡಿದು, ಬಲಗೈಯಿಂದ ಗನ್ನನ್ನು ಮುಂದಕ್ಕೆ ತಳ್ಳಿ. ರಾಗಿಕಲ್ಲು ಬೀಸುವಾಗಿನಂತೆ ಇಡೀ ಭುಜದ ಬಲ ಬರುತ್ತದೆ.

ಇನ್ನು ಅಸಲು ತಲೆನೋವು.

ಮೊದಲನೆಯ ಹೋಲ್‌ಸ್ಟರ್ ಕೊಂಡದ್ದು, ಬಲ ಸೊಂಟದ ಪಕ್ಕಕ್ಕೆ ಹಾಕುವಂಥದ್ದು. ಗಂಡಸರಿಗೆ ಅಲ್ಲಿ ಚೆನ್ನಾಗಿ ಕೂರುತ್ತದೆ, ಅವರ ಪಕ್ಕ ನೆಟ್ಟಗೆ ಇಳಿಯುತ್ತದೆ. ನಮ್ಮ ಸೊಂಟ ಕೆಳಗೆ ಅಗಲವಾಗುತ್ತ ಹೋಗುವುದರಿಂದ ನಳಿಗೆಯ ತುದಿ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ, ಹಿಡಿ ಒಳಕ್ಕೆ ವಾಲಿ ನೇರ ಪಕ್ಕೆಲುಬಿಗೆ ಚುಚ್ಚುತ್ತದೆ. ನಾಲ್ಕು ದಿನ ತಡೆದೆ, ಐದನೇ ದಿನ ಡ್ರಾಯರಿಗೆ ಹಾಕಿದೆ. ಅವತ್ತೇ ಗ್ಯಾರೇಜಿನಲ್ಲಿ ಕೈಡೆಕ್ಸ್ (ಬಿಸಿ ಮಾಡಿ ಅಚ್ಚೊತ್ತುವ ಗಟ್ಟಿ ಪ್ಲಾಸ್ಟಿಕ್ ಹಾಳೆ) ಕೆಲಸ ಶುರು, ಮುಂದಿನವೆಲ್ಲ ನಾನೇ ಮಾಡಿದ್ದು.

ಎರಡರಿಂದ ನಾಲ್ಕರವರೆಗಿನವು ಮುಂಭಾಗಕ್ಕೆ, ಹೊಕ್ಕುಳದಿಂದ ಸ್ವಲ್ಪ ಬಲಕ್ಕೆ. ಕೂತಾಗ ಪಕ್ಕೆಲುಬಿಗೆ ತಾಗಲಿಲ್ಲ, ಸಂತೋಷವಾಯಿತು. ಎದ್ದು ನಿಂತರೆ ಹಿಡಿ ಬೆಲ್ಟಿನ ಮೇಲಿಂದ ಮುಂದಕ್ಕೆ ಬಾಗಿ, ಕುರ್ತಾದೊಳಗಿಂದ ಯಾರೋ ಇಣುಕಿದಂತೆ ಕಾಣುತ್ತಿತ್ತು. ಬೆಲ್ಟಿನ ಒಳಮೈಗೆ ಒತ್ತುವ ರೆಕ್ಕೆ ಹಾಕಿದೆ. ಹಿಡಿ ಪಕ್ಕಕ್ಕೆ ತಿರುಗಿ ಹೊಟ್ಟೆಗೆ ಅಂಟಿತು, ಆದರೆ ಮುಂದಕ್ಕೆ ಬಾಗುವುದು ನಿಲ್ಲಲಿಲ್ಲ. ಹೋಲ್‌ಸ್ಟರನ್ನು ಅರ್ಧ ಅಂಗುಲ ಕೆಳಗಿಳಿಸಿದೆ. ಬಾಗುವುದು ಕಡಿಮೆಯಾಯಿತು, ಈಗ ಹಿಡಿಯ ಸುತ್ತ ಬೆರಳು ಹೋಗಲೊಲ್ಲದು. ತೆಗೆಯುವಾಗ ಪೂರ್ತಿ ಹಿಡಿತ ಸಿಗದ ಗನ್ ಸೊಂಟದಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮತ್ತೆ ಮೇಲೆತ್ತಿದೆ. ಹೀಗೆ ಮೇಲೆ ಕೆಳಗೆ ಮಾಡುತ್ತ ಯುಗಾದಿ ಹೋಗಿ ದೀಪಾವಳಿ ಬಂತು.

ಇದರ ನಡುವೆ ಸಾಮಾನು ಕಳಿಸುವವರ ಕಾಟ. 0.080 ಅಂಗುಲ ದಪ್ಪದ ಕೈಡೆಕ್ಸ್ ಹಾಳೆ ಕೇಳಿದ್ದೆ. ಬಂದದ್ದನ್ನು ಬಿಸಿ ಮಾಡಿ ಅಚ್ಚೊತ್ತಿದರೆ ಬೆರಳಲ್ಲಿ ಒತ್ತಿದಲ್ಲೆಲ್ಲ ಬಾಗುತ್ತದೆ. ಕ್ಯಾಲಿಪರ್ ಹಿಡಿದು ನೋಡಿದರೆ 0.060. ಫೋನಿನಲ್ಲಿ ಆತ "ನೋಡಲು ಎರಡೂ ಒಂದೇ ತರಹ ಇರುತ್ತವೆ ಮೇಡಂ" ಅಂದ. ಟ್ರಿಗರ್ ಮುಚ್ಚಬೇಕಾದ ಗೋಡೆ ಅದು, ಹೊರಗಿನಿಂದ ಒತ್ತಿದರೆ ಒಳಗೆ ಟ್ರಿಗರಿಗೆ ತಾಗುವಂತಿದ್ದರೆ ನೋಡುವುದಕ್ಕೆ ಹೇಗಿದ್ದು ಏನು ಬಂತು? ಎರಡನೇ ಸಲ ಸರಿಯಾದ ದಪ್ಪವೇ ಬಂತು, ಡಬ್ಬಿಗೆ ಹಿಡಿಸಲಿಲ್ಲವೆಂದು ಮಧ್ಯಕ್ಕೆ ಮಡಚಿ ಕಳಿಸಿದ್ದರು. ಮೂರು ವಾರ ಹೋಯಿತು. ಸ್ಕ್ರೂಗಳ ವಿಷಯ ಎತ್ತುವುದೇ ಇಲ್ಲ.

ಒಂದು ಒಳ್ಳೆಯ ಸಂಗತಿ: ಹಾಳೆಯ ಹದ ಈಗ ಕಣ್ಣಿಗೇ ತಿಳಿಯುತ್ತದೆ. ಓವನ್ನಿನಲ್ಲಿ ಇಟ್ಟ ಹಾಳೆ, ಕೆಂಡದ ಮೇಲೆ ಬಾಡಿಸಿದ ಬಾಳೆಲೆಯ ಹಾಗೆ ಒಂದು ಕ್ಷಣದಲ್ಲಿ ಬಿಗಿ ಬಿಟ್ಟು ಜೋಲುತ್ತದೆ. ಆ ಹೊತ್ತಿಗೇ ತೆಗೆದು ಅಚ್ಚಿನ ಮೇಲೆ ಹಾಕಿ ಒತ್ತಬೇಕು. ಇನ್ನೊಂದು ನಿಮಿಷ ಬಿಟ್ಟರೆ ಹಪ್ಪಳದಂತೆ ಗುಳ್ಳೆ. ಅಚ್ಚಿಗೆ ನೀಲಿ ಪ್ಲಾಸ್ಟಿಕ್ ಗನ್ನೇ, ನಿಜವಾದದ್ದು ಗ್ಯಾರೇಜಿಗೆ ಬರುವುದೇ ಇಲ್ಲ. ಹೊರತೆಗೆಯುವ ಅಭ್ಯಾಸವೂ ಗುಂಡು ಬೇರೆ ಕೋಣೆಯಲ್ಲಿ ಬೀಗ ಹಾಕಿಟ್ಟ ಮೇಲೆಯೇ.

ಐದನೆಯದು ಕೆಟ್ಟ ದಿನ ಅಮ್ಮನಿಗೆ ಫೋನ್ ಮಾಡಿದ್ದೆ. ಅವಳಿಗೆ ವಿಡಿಯೋದಲ್ಲಿ ಬೆಲ್ಟು ತೋರಿಸಿದರೆ, "ಮದುವೇಲಿ ಡಾಬು ಬೇಡ ಅಂತ ಹಟ ಮಾಡಿದವಳು ನೀನೇನಾ?" ಅಂತ ನಕ್ಕಳು. ಆಮೇಲೆ ತೋಟದ ಮಾತು ಬಂತು. ನಮ್ಮದು ತೀರ್ಥಹಳ್ಳಿ ಕಡೆ. ಚುನಾವಣೆ ಬಂದರೆ ಬೆಳೆ ಕಾಯುವ ಕೋವಿಯನ್ನು ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕಾಗುತ್ತದೆ, ಆ ದಿನಗಳಲ್ಲಿ ಮಂಗಗಳಿಗೆ ಹಬ್ಬ. ಅಮ್ಮ ಅದನ್ನೇ ಹೇಳುತ್ತಿದ್ದಳು, ನನಗೆ ಮಾತ್ರ ಆಕೆಯ ಹಿಂದೆ ಅಂಗಳದಲ್ಲಿ ಓಡಾಡುತ್ತಿದ್ದ ಕೆಲಸದವನ ಸೊಂಟ ಕಾಣುತ್ತಿತ್ತು. ಹಿಂದುಗಡೆ ಹಗ್ಗಕ್ಕೆ ಕಟ್ಟಿದ ಮರದ ಕೊಕ್ಕೆ, ಅದರಲ್ಲಿ ಕತ್ತಿ. ಬಗ್ಗುತ್ತಾನೆ, ಅಡಿಕೆ ಹಾಳೆ ಎತ್ತುತ್ತಾನೆ, ದರೆ ಹತ್ತುತ್ತಾನೆ. ಕತ್ತಿ ಒಮ್ಮೆಯೂ ಆಚೆ ಈಚೆ ವಾಲಲಿಲ್ಲ.

ಯಾಕೆ ವಾಲುವುದಿಲ್ಲ? ಹಗ್ಗದ ಮೇಲೆ ಇರುವುದು ಹಿಡಿ ಮಾತ್ರ, ತೂಕವೆಲ್ಲ ಹಗ್ಗದ ಕೆಳಗೆ ನೇತಾಡುತ್ತಿದೆ.

ನನ್ನ ಗನ್ನಿನಲ್ಲಿ ಸರಿಯಾಗಿ ಉಲ್ಟಾ. ಹತ್ತು ಗುಂಡಿನ ಮ್ಯಾಗಜಿನ್ ಇರುವುದು ಹಿಡಿಯೊಳಗೆ, ಅಂದರೆ ಬೆಲ್ಟಿನ ಮೇಲೆ. ಕೆಳಗೆ ಇರುವುದು ಮೂರು ಅಂಗುಲದ ಗಿಡ್ಡ ನಳಿಗೆ. ಬೆಲ್ಟು ತಕ್ಕಡಿಯ ಮುಳ್ಳಿದ್ದಂತೆ, ಮೇಲಿನ ತಟ್ಟೆ ಭಾರ. ಗನ್ ಗಿಡ್ಡವಾದಷ್ಟೂ ಅದು ಹೆಚ್ಚು ವಾಲುತ್ತದೆ! ಚಿಕ್ಕದು ಬೇಕು, ಇನ್ನೂ ಚಿಕ್ಕದು ಬೇಕು ಅಂತ ಇಷ್ಟು ತಿಂಗಳು ಹುಡುಕಿದ್ದು ನೋವಿನ ದಿಕ್ಕಿಗೇ ನಡೆದಂತಾಗಿತ್ತು. ಅನುಭವಿಗಳು ಹೋಲ್‌ಸ್ಟರಿನ ಕೆಳಭಾಗ ಉದ್ದವಿರಲಿ ಅನ್ನುತ್ತಾರೆ, ನಾನೂ ಕೇಳಿದ್ದೆ. ಮೂರು ಬೆರಳಿನ ಸೊಂಟದವಳಿಗೆ ಉದ್ದದ ಮಾತು ಯಾಕೆ ಅಂತ ಬದಿಗಿಟ್ಟಿದ್ದೆ. ಅಮ್ಮ ಇನ್ನೂ ಮಂಗಗಳ ಬಗ್ಗೆ ಹೇಳುತ್ತಲೇ ಇದ್ದಳು, ನಾನು ಅಳತೆ ಪಟ್ಟಿ ಹುಡುಕಲು ಎದ್ದೆ.

ಆರನೆಯದಕ್ಕೆ ನೀಲಿ ಗನ್ನಿನ ನಳಿಗೆ ಮುಂದೆ ಒಂದೂವರೆ ಅಂಗುಲದ ಮರದ ತುಂಡು ಅಂಟಿಸಿ ಅಚ್ಚೊತ್ತಿದೆ. ಹೋಲ್‌ಸ್ಟರ್ ಆ ತುಂಡಿನಷ್ಟು ಉದ್ದವಾಯಿತು, ಕೆಳಗೆ ಬರೀ ಪೊಳ್ಳು. ನಿಂತಾಗ ಅದ್ಭುತ! ಪೊಳ್ಳಿನಲ್ಲಿ ತೂಕವಿಲ್ಲ ನಿಜ. ಆದರೆ ಉದ್ದದ ತುದಿ ಕಿಬ್ಬೊಟ್ಟೆಗೆ ಒರಗಿ ಸನ್ನೆಕೋಲಾಗುತ್ತದೆ, ಕೆಳಗೆ ಹೊಟ್ಟೆ ಒತ್ತಿದರೆ ಮೇಲೆ ಹಿಡಿ ಒಳಕ್ಕೆ ಬರುತ್ತದೆ. ಕೂತಾಗ ಮಾತ್ರ ತುದಿ ತೊಡೆಯ ಸಂದಿಗೆ ಚುಚ್ಚಿತು. ಎತ್ತರದವರಿಗೆ ಒಂದೂವರೆ ಅಂಗುಲ ಇರಬಹುದು, ನನಗೆ ಜಾಗವಿಲ್ಲ.

ಏಳನೆಯದರಲ್ಲಿ ಉದ್ದವನ್ನು ಮುಕ್ಕಾಲು ಅಂಗುಲಕ್ಕೆ ಇಳಿಸಿದೆ. ತುದಿಯ ಅಂಚು ಉಜ್ಜಿ ಮೊಟ್ಟೆಯ ಹಾಗೆ ದುಂಡಗೆ ಮಾಡಿದೆ. ಕಳೆದುಕೊಂಡ ಉದ್ದವನ್ನು ದಪ್ಪದಲ್ಲಿ ತುಂಬಿಕೊಂಡೆ, ಅಂದರೆ ಮೈ ಕಡೆಗೆ, ತುದಿಯ ಹತ್ತಿರ ಒಂದು ಬೆಣೆ. ಅಂಗಡಿಯಲ್ಲಿ ಸಿಗುವ ಬೆಣೆಗಳೆಲ್ಲ ಗಟ್ಟಿ. ಊರಿಂದ ತಂದ ಹಳೆಯ ಹವಾಯಿ ಚಪ್ಪಲಿ ಒಂದಿತ್ತು, ಹಿಮ್ಮಡಿಯ ಕಡೆ ಕೊಯ್ದು, ಇಳಿಜಾರಾಗಿ ಕೆತ್ತಿ, ವೆಲ್ಕ್ರೋ ಹಾಕಿದೆ. ದಪ್ಪದ ಕಡೆ ಕೆಳಗೆ, 5/8 ಅಂಗುಲ. ಮೊದಲು ಟ್ರಿಗರಿನ ಮಟ್ಟಕ್ಕೆ ಅಂಟಿಸಿದ್ದೆ, ಏನೂ ಆಗಲಿಲ್ಲ. ಒಂದಿಷ್ಟೊಂದಿಷ್ಟೇ ಕೆಳಗೆ ಸರಿಸುತ್ತ ಬಂದೆ. ನಳಿಗೆಯ ತುದಿಗಿಂತ ಕೆಳಗೆ, ಪೊಳ್ಳು ಭಾಗಕ್ಕೆ ಬಂದಾಗ ಹಿಡಿ ತಾನಾಗಿ ಹೊಟ್ಟೆಗೆ ಒರಗಿತು. ಚಪ್ಪಲಿಯ ಮೆತ್ತೆಗೆ ಮೈ ಬೆಚ್ಚಗೆ ತಾಗಿದೊಡನೆ ಅದು ಇದೆಯೆಂಬುದೇ ಮರೆತುಹೋಗುತ್ತದೆ.

ಇನ್ನು ಬೆಲ್ಟು. ಲೆಗ್ಗಿಂಗ್‌ಗೆ ಬೆಲ್ಟಿನ ಕಿವಿ ಇಲ್ಲ, ಚೂಡಿದಾರದ ಲಾಡಿಗೆ ಶಕ್ತಿ ಇಲ್ಲ. ಒಂದೂವರೆ ಅಂಗುಲದ ಬಿರುಸು ನೈಲಾನ್ ಪಟ್ಟಿಗೆ ವೆಲ್ಕ್ರೋ ಹೊಲಿದು ಲೆಗ್ಗಿಂಗ್ ಮೇಲೆ ಸುತ್ತಿ, ಹೋಲ್‌ಸ್ಟರಿನ ಕ್ಲಿಪ್ಪು ಅದಕ್ಕೇ ಸಿಕ್ಕಿಸುತ್ತೇನೆ. ಮೆದು ಪಟ್ಟಿ ಹಾಕಿದರೆ ಮೇಲಿನ ಪಾಠವೆಲ್ಲ ದಂಡ, ಬೆಣೆ ಒತ್ತುವುದಕ್ಕೆ ಎದುರು ಬಿಗಿ ಬೇಕಲ್ಲ.

ಬೆಲ್ಟಿನ ಮಾತಿಗೆ ನೆನಪಾಯಿತು, ಮುಂದಿನ ಕೆಲಸ ಕುರ್ತಾ. ಮರೆಮಾಡಲು ಇದಕ್ಕಿಂತ ಒಳ್ಳೆಯ ಬಟ್ಟೆ ಲೋಕದಲ್ಲಿಲ್ಲ, ಆದರೆ ಮೊಣಕಾಲು ಮುಟ್ಟುವ ಬಟ್ಟೆಯನ್ನು ಒಂದೇ ಕೈಯಲ್ಲಿ ಎತ್ತುವಷ್ಟರಲ್ಲಿ ಮುದುಡಿ ಹಿಡಿಗೆ ಸುತ್ತಿಕೊಳ್ಳುತ್ತದೆ. ಬಲಗಡೆಯ ಸೀಳನ್ನು ಎರಡು ಅಂಗುಲ ಮೇಲೇರಿಸಿ, ಅಂಚಿಗೆ ಒಳಗಿಂದ ಪಟ್ಟಿ ಕೊಟ್ಟು ಬಿಗಿ ಮಾಡಿದರೆ ಸೀಳಿನಿಂದಲೇ ಕೈ ಹೋಗಬೇಕು. ಕಾಗದದಲ್ಲಿ ಕತ್ತರಿಸಿ ನೋಡಿದ್ದೇನೆ. ಮಿಲ್ಲಿನ ತೆಳು ಹತ್ತಿಯದೋ ಖಾದಿಯದೋ ಅಂತ ಇನ್ನೂ ತೀರ್ಮಾನವಿಲ್ಲ, ಖಾದಿಗೆ ತೂಕ ಇದೆ, ಗನ್ನಿನ ಆಕಾರ ಮೇಲೆ ಮೂಡುವುದಿಲ್ಲ.

ಮೈದುನ ಕಾನ್ಪುರದ ನಿರ್ಭೀಕ್ ರಿವಾಲ್ವರ್ ಬಗ್ಗೆ ಕೇಳಿದ್ದ. 2014ರಲ್ಲಿ ಹೆಂಗಸರಿಗಾಗಿ ಅಂತಲೇ ತಂದದ್ದು, ಪಾಯಿಂಟ್ 32, ತೂಕ ಸುಮಾರು 500 ಗ್ರಾಂ, ಬೆಲೆ ಆಗಲೇ ಒಂದು ಲಕ್ಷ ಇಪ್ಪತ್ತೆರಡು ಸಾವಿರದ ಹತ್ತಿರ. ತೂಕ ಕಡಿಮೆ ಅಂತ ಹೊಗಳಿದ್ದರು. 500 ಗ್ರಾಂ ಹೊರುವುದು ನಮಗೆ ಕಷ್ಟವೇ ಅಲ್ಲ ಮಾರಾಯ, ಅದು ದಿನವಿಡೀ ಎಲ್ಲಿ ಕೂರಬೇಕು ಅಂತ ಯಾರಾದರೂ ಒಬ್ಬ ಹೆಂಗಸಿನ ಸೊಂಟ ಅಳೆದು ನೋಡಬೇಕಿತ್ತು ಅಂತ ಅವನಿಗೆ ಬರೆದೆ.

ಬಾಕಿ ಇರುವುದು: ಎಡ ಅಂಚಿನಲ್ಲಿ ಒಂದು ಕಡೆ ಇನ್ನೂ ಚೂಪು, 400ರ ಉಜ್ಜುಕಾಗದ ಸಾಕು. ಒತ್ತಿ ಹಿಡಿಯುವ ಸ್ಕ್ರೂ ಅರ್ಧ ಸುತ್ತು ಸಡಿಲ, ತಲೆಕೆಳಗೆ ಮಾಡಿ ಅಲ್ಲಾಡಿಸಿದರೆ ನೀಲಿ ಗನ್ ಜಾರುತ್ತದೆ. ಅದು ಜಾರದೆ ನಿಲ್ಲುವವರೆಗೆ ನಿಜವಾದದ್ದನ್ನು ಮತ್ತೆ ಹಾಕುವುದಿಲ್ಲ. ಇನ್ನೊಂದು ಚಪ್ಪಲಿ ಹಾಗೇ ಇದೆ, ಎಂಟನೆಯದಕ್ಕೆ.