ಯೇನಾದಿಂದ ಬರ್ಲಿನ್‌ಗೆ: ಹೆಗೆಲ್ ಜಾಡಿನಲ್ಲಿ

ಜರ್ಮನ್ ತತ್ವಜ್ಞಾನಿ ಹೆಗೆಲ್ ಪಾಠ ಹೇಳಿದ ಊರುಗಳಲ್ಲಿ ಯೇನಾ, ಬರ್ಲಿನ್ ಎರಡೂ ಸೇರಿವೆ; ಮೊದಲು ಯೇನಾ. ವೈಮಾರ್ ಕಡೆಯಿಂದ ಬರುವ ರೈಲು ನಿಲ್ಲುವುದು ಯೇನಾ ವೆಸ್ಟ್‌ನಲ್ಲಿ, ಪ್ಯಾರಡೀಸ್ ನಿಲ್ದಾಣದಲ್ಲಲ್ಲ. ಹೋಟೆಲ್ ಗೊತ್ತುಮಾಡುವ ಮುಂಚೆ ಇದನ್ನು ನೋಡಿಕೊಳ್ಳಿ. ಎರಡರಿಂದಲೂ ಪೇಟೆಚೌಕಕ್ಕೆ ನಡೆದೇ ಹೋಗಬಹುದು.

ಚೌಕದ ಪಕ್ಕದಲ್ಲಿ ಇನ್ನೊಬ್ಬ ತತ್ವಜ್ಞಾನಿ ಫಿಕ್ಟೆ ಇದ್ದ ಮನೆ ಈಗ ರೊಮ್ಯಾಂಟಿಕ್ ಸಾಹಿತ್ಯದ ವಸ್ತುಸಂಗ್ರಹಾಲಯ; ಸೋಮವಾರ ಬಾಗಿಲು ಹಾಕಿರುತ್ತದೆ. ಜಗತ್ತಿನ ನೈತಿಕ ವ್ಯವಸ್ಥೆಯೇ ದೇವರು, ಅದರಾಚೆ ಇನ್ನೊಬ್ಬ ದೇವರು ಬೇಕಿಲ್ಲ ಎಂದು 1798ರಲ್ಲಿ ಬರೆದದ್ದಕ್ಕೆ ಅವನ ಮೇಲೆ ನಾಸ್ತಿಕತೆಯ ಆರೋಪ ಬಂತು. ಛೀಮಾರಿ ಹಾಕಿದರೆ ವಿಶ್ವವಿದ್ಯಾಲಯದ ಕೆಲಸ ಬಿಡುತ್ತೇನೆಂದು ಅವನು ಪತ್ರ ಬರೆದು ಬೆದರಿಸಿದ. ವೈಮಾರ್ ಸರ್ಕಾರ ಆ ಪತ್ರವನ್ನೇ ರಾಜೀನಾಮೆ ಎಂದು ಇಟ್ಟುಕೊಂಡಿತು. ಫಿಕ್ಟೆ, ಹೆಗೆಲ್‌ರ ತತ್ವಜ್ಞಾನವನ್ನು ಆಕಾಶದ ಮಾತು ಎನ್ನುವವರು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಇನ್ನು ಬೆಟ್ಟ. ಊರಿನಿಂದ ಲಾಂಡ್‌ಗ್ರಾಫೆನ್‌ಬೆರ್ಗ್ ಮೇಲಿನ ನೆಪೋಲಿಯನ್ ಕಲ್ಲಿಗೆ ಸುಮಾರು 200 ಮೀಟರ್ ಏರು, ದಾರಿ ಕಡಿದು. ಮಳೆ ಬಿದ್ದ ಮರುದಿನ ಮಣ್ಣು ಜಾರುತ್ತದೆ, ಹಿಡಿತವಿರುವ ಬೂಟು ಬೇಕು. 1806ರ ಅಕ್ಟೋಬರ್ 13ರ ರಾತ್ರಿ ಫ್ರೆಂಚರು ಫಿರಂಗಿಗಳನ್ನು ಎಳೆದು ಹತ್ತಿಸಿದ್ದು ಈ ಇಳಿಜಾರಿನಲ್ಲೇ. ಅದೇ ದಿನ ಹೆಗೆಲ್ ಗೆಳೆಯ ನೀತ್‌ಹಾಮರ್‌ಗೆ ಪತ್ರ ಬರೆದ: ಚಕ್ರವರ್ತಿಯನ್ನು, ಆ ವಿಶ್ವಾತ್ಮವನ್ನು, ಕುದುರೆಯ ಮೇಲೆ ಕಂಡೆ ಎಂದು. ಆದರೆ ಅವನ ತಲೆಯಲ್ಲಿ ಇನ್ನೊಂದು ಚಿಂತೆಯೂ ಇತ್ತು. ತನ್ನ ‘ಫಿನಾಮೆನಾಲಜಿ ಆಫ್ ಸ್ಪಿರಿಟ್’ ಪುಸ್ತಕದ ಹಸ್ತಪ್ರತಿಯನ್ನು ಅಕ್ಟೋಬರ್ 18ರೊಳಗೆ ಮುಗಿಸಿಕೊಡದಿದ್ದರೆ ಅಚ್ಚಾದಷ್ಟನ್ನೂ ನೀತ್‌ಹಾಮರ್ ಕೊಂಡುಕೊಳ್ಳಬೇಕಿತ್ತು. ಪ್ರಕಾಶಕನಿಗೆ ಅವನೇ ಜಾಮೀನು. ಫ್ರೆಂಚರಿಗೂ ಪ್ರಷ್ಯನ್ನರಿಗೂ ಅಕ್ಟೋಬರ್ 14ರ ಕದನ ನಡೆದದ್ದು ಬೀದಿಗಳಲ್ಲಲ್ಲ, ಮೇಲಿನ ಬಯಲಿನಲ್ಲಿ. ಕೋಸ್ಪೆಡಾ ಹಳ್ಳಿಯ ವಸ್ತುಸಂಗ್ರಹಾಲಯ ನೋಡಿದರೆ ಅದರ ನಕ್ಷೆ ತಲೆಯಲ್ಲಿ ಕೂರುತ್ತದೆ.

ಬರ್ಲಿನ್‌ನಲ್ಲಿ ಹೆಗೆಲ್ 1818ರಿಂದ ಪಾಠ ಹೇಳಿದ. ಸ್ವಾತಂತ್ರ್ಯದ ಅರಿವು ಬೆಳೆಯುತ್ತ ಹೋಗುವುದೇ ಇತಿಹಾಸ ಎಂಬ ಉಪನ್ಯಾಸಗಳು ಇಲ್ಲಿಯವು. ಭಾರತೀಯರಿಗೆ ಇತಿಹಾಸ ಬರೆಯುವ ರೂಢಿಯೇ ಇಲ್ಲ ಎಂದದ್ದೂ ಇವುಗಳಲ್ಲೇ. ಅದಕ್ಕೆ ಎಷ್ಟೋ ಮೊದಲೇ ಈಸ್ಟ್ ಇಂಡಿಯಾ ಕಂಪನಿಯ ಭೂಮಾಪಕ ಕಾಲಿನ್ ಮೆಕೆಂಜಿಯ ಜನ ಮೈಸೂರು ಸೀಮೆಯ ಶಾಸನಗಳನ್ನು ಪ್ರತಿ ಮಾಡಿಕೊಳ್ಳುತ್ತಿದ್ದರು!

ಹೆಗೆಲ್ ಸಮಾಧಿಗೆ ಯು6 ಮೆಟ್ರೋದಲ್ಲಿ ಒರಾನಿಯೆನ್‌ಬುರ್ಗರ್ ಟೋರ್‌ನಲ್ಲಿ ಇಳಿಯಿರಿ. ಶೋಸೆ ರಸ್ತೆಯಲ್ಲಿ ಫ್ರೆಂಚ್ ಸ್ಮಶಾನ ಪಕ್ಕಕ್ಕೇ ಇದೆ, ಅದರೊಳಗೆ ಹೊಕ್ಕು ಹುಡುಕುವವರಿದ್ದಾರೆ. ನಿಮಗೆ ಬೇಕಾದದ್ದು ಡೊರೊಥೇನ್‌ಷ್ಟಾಟ್ ಸ್ಮಶಾನ. 1831ರಲ್ಲಿ ಕಾಲರಾದಿಂದ ಸತ್ತವರನ್ನು ಬೇರೆ ಕಡೆ, ರಾತ್ರಿ ಹೂಳಬೇಕೆಂಬ ನಿಯಮವಿತ್ತು. ವಶೀಲಿಯಿಂದ ವಿನಾಯಿತಿ ಸಿಕ್ಕಿ, ಹೆಗೆಲ್‌ಗೆ ಅವನ ಇಚ್ಛೆಯಂತೆ ಫಿಕ್ಟೆಯ ಪಕ್ಕದಲ್ಲೇ ಜಾಗವಾಯಿತು.

ಧರ್ಮವೆಂದರೆ ಅವಲಂಬನೆಯ ಭಾವ ಎಂದ ಕ್ರೈಸ್ತ ಧರ್ಮಶಾಸ್ತ್ರಜ್ಞ ಶ್ಲೈಯರ್‌ಮಾಖರ್ ಇಲ್ಲಿಲ್ಲ. ಹಾಗಾದರೆ ನಾಯಿಯೇ ಅತ್ಯುತ್ತಮ ಕ್ರೈಸ್ತ ಎಂದು ಹೆಗೆಲ್ 1822ರಲ್ಲಿ ಅವನನ್ನು ಕುಟುಕಿದ್ದ. ಶ್ಲೈಯರ್‌ಮಾಖರ್ ಸಮಾಧಿಗೆ ಅದೇ ಯು6 ಹಿಡಿದು ಮೆಹ್ರಿಂಗ್‌ಡಾಮ್‌ನಲ್ಲಿ ಇಳಿದು, ಬೆರ್ಗ್‌ಮಾನ್ ರಸ್ತೆಯಲ್ಲಿ ಪೂರ್ವಕ್ಕೆ ನಡೆಯಬೇಕು. ಅಲ್ಲಿ ನಾಲ್ಕು ಸ್ಮಶಾನಗಳು ಒತ್ತೊತ್ತಾಗಿವೆ. ಬಾಗಿಲ ಮೇಲೆ ಡ್ರೈಫಾಲ್ಟಿಷ್‌ಕೈಟ್ಸ್ ಎಂಬ ಹೆಸರು ನೋಡಿ ಒಳಹೊಗಿ.