ಫೋರ್ಟ್ ಕಾಲಿನ್ಸ್‌ನ ಸ್ಕೋರ್ ಪುಸ್ತಕ

ನಮ್ಮ ಕಾಲೇಜಿನ ನಾಲ್ಕು ವರ್ಷ ನಾನು ಮನಸ್ಸಿಟ್ಟು ಮಾಡಿದ್ದು ಎರಡೇ ಕೆಲಸ. ಸಿವಿಲ್ ಓದಿದ್ದು, ಕ್ರಿಕೆಟ್ ತಂಡಕ್ಕೆ ಸ್ಕೋರ್ ಬರೆದಿದ್ದು. ಮೈದಾನದ ಮೂಲೆಯ ಬೇವಿನ ಮರ, ಕಾಲು ಅಲ್ಲಾಡುವ ಮೇಜು, ಕೆಂಪು ನೀಲಿ ಪೆನ್ನು, ಪಕ್ಕದಲ್ಲಿ ನಮಗೆ ಆಟ ಕಲಿಸುವ ಪಿಡಿ ಸರ್. "ಒಂದು ಬಾಲ್ ಬಿಟ್ಟರೂ ಪುಸ್ತಕ ಸುಳ್ಳಾಗುತ್ತೆ ಕಣೋ" ಎನ್ನುತ್ತಿದ್ದರು. ಆ ಮಾತು ನನ್ನ ಜೊತೆ ಅಮೆರಿಕಕ್ಕೂ ಬಂತು.

2008ರ ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಕೊಲರಾಡೊ ಸ್ಟೇಟ್ ಯೂನಿವರ್ಸಿಟಿಗೆ ಹೋದೆ. ಊರು ಫೋರ್ಟ್ ಕಾಲಿನ್ಸ್. ರಾಕಿ ಬೆಟ್ಟಗಳ ಬುಡದಲ್ಲಿದೆ, ಸಮುದ್ರಮಟ್ಟಕ್ಕಿಂತ ಸುಮಾರು 1,500 ಮೀಟರ್ ಎತ್ತರ. ಪಶ್ಚಿಮದ ಗುಡ್ಡದ ಮೇಲೆ ದೊಡ್ಡದಾಗಿ ಇಂಗ್ಲಿಷಿನ ಒಂದು 'ಎ' ಅಕ್ಷರ, ಬಿಳಿ ಬಣ್ಣ. 1957ರ ತನಕ ಈ ಯೂನಿವರ್ಸಿಟಿ ಕೃಷಿ (ಅಗ್ರಿಕಲ್ಚರ್) ಕಾಲೇಜು ಆಗಿತ್ತು, ಆ ಕಾಲದ ಗುರುತು ಅದು. ಮೊದಲ ತಿಂಗಳು ಯಾರೂ ಪರಿಚಯವಿಲ್ಲ, ಸಂಜೆ ಸುಮ್ನೆ ನಡೆಯುತ್ತಿದ್ದೆ. ಒಂದು ದಿನ ದೂರದಿಂದ 'ಟಿಂಗ್' ಎಂದು ಸದ್ದು ಕೇಳಿಸಿತು. ಲೋಹದ ಬ್ಯಾಟಿಗೆ ಚೆಂಡು ತಾಗಿದ ಸದ್ದು. ಕ್ರಿಕೆಟ್ ಬ್ಯಾಟಿನ ಸದ್ದಲ್ಲ, ಆದರೂ ಕಾಲು ಆ ಕಡೆಗೇ ತಿರುಗಿತು.

ಅದು ಕ್ಲಬ್ ಬೇಸ್‌ಬಾಲ್ ತಂಡದ ಅಭ್ಯಾಸ. ಕ್ಲಬ್ ಅಂದರೆ ಏನು ಅಂತ ನನಗೂ ಆಗ ಗೊತ್ತಿರಲಿಲ್ಲ. ಅಲ್ಲಿ ವಿಶ್ವವಿದ್ಯಾಲಯದ ಅಧಿಕೃತ ತಂಡ ಬೇರೆ. ಅದಕ್ಕೆ ಸ್ಕಾಲರ್‌ಶಿಪ್, ಸಂಬಳದ ಕೋಚ್, ದೊಡ್ಡ ಮೈದಾನ ಎಲ್ಲ ಇರುತ್ತೆ. ಕ್ಲಬ್ ತಂಡ ಹುಡುಗರೇ ಕಟ್ಟಿಕೊಂಡು ಹುಡುಗರೇ ನಡೆಸುವಂಥದ್ದು. ಪ್ರತಿಯೊಬ್ಬರೂ ಕೈಯಿಂದ ದುಡ್ಡು ಹಾಕಬೇಕು, ಪ್ರಯಾಣಕ್ಕೆ ಕಮ್ಮಿ ಬಿದ್ದರೆ ಹಣ ಕೂಡಿಸೋದೂ ಅವರೇ. ನಮ್ಮ ಕಾಲೇಜಿನಲ್ಲಿ ನಾವೂ ವಂತಿಗೆ ಹಾಕಿ ಕ್ರಿಕೆಟ್ ಮ್ಯಾಟ್ ತಂದಿದ್ದೆವು. ಅದೇ ಥರ.

ಫೋರ್ಟ್ ಕಾಲಿನ್ಸ್‌ನಲ್ಲಿ ಈ ತಂಡಕ್ಕೆ ಇನ್ನೊಂದು ಕಥೆಯಿದೆ. ಒಂದು ಕಾಲದಲ್ಲಿ ಅಲ್ಲೂ ಅಧಿಕೃತ ಬೇಸ್‌ಬಾಲ್ ತಂಡ ಇತ್ತು. 1950ರಲ್ಲಿ ಆ ತಂಡ ಒಮಾಹಾ ನಗರದ ಕಾಲೇಜ್ ವರ್ಲ್ಡ್ ಸೀರೀಸ್‌ವರೆಗೂ, ಅಂದರೆ ದೇಶದ ಕಾಲೇಜು ತಂಡಗಳ ಕೊನೆಯ ಪಂದ್ಯಾವಳಿವರೆಗೂ ಹೋಗಿತ್ತು. 1992ರಲ್ಲಿ ಖರ್ಚು ಉಳಿಸಲು ಹುಡುಗರ ಬೇಸ್‌ಬಾಲ್, ಹುಡುಗಿಯರ ಸಾಫ್ಟ್‌ಬಾಲ್ ಎರಡನ್ನೂ ನಿಲ್ಲಿಸಿದರು. ಹುಡುಗಿಯರು ಕೋರ್ಟಿಗೆ ಹೋದರು. ಕ್ರೀಡೆಯಲ್ಲಿ ಅವರಿಗೆ ಸಮಪಾಲು ಕೊಡುವ 1972ರ ಕಾನೂನು ಇತ್ತು, 1993ರಲ್ಲಿ ಗೆದ್ದು ತಮ್ಮ ತಂಡವನ್ನು ವಾಪಸು ತಂದರು. ಅವರ ಧೈರ್ಯ ನನಗೆ ಇವತ್ತಿಗೂ ತುಂಬಾ ಇಷ್ಟ. ಬೇಸ್‌ಬಾಲ್ ಮಾತ್ರ ವಾಪಸು ಬರಲಿಲ್ಲ. ಆ ಊರಲ್ಲಿ ಕಾಲೇಜಿನ ಬೇಸ್‌ಬಾಲ್ ಅಂತ ಉಳಿದಿದ್ದು ಈ ಕ್ಲಬ್ ಒಂದೇ. ಹಾಗೆ ಉಳಿದವರು ಎಂಥಾ ಆಟಗಾರರು ಗೊತ್ತಾ? ದೇಶದ ಕ್ಲಬ್ ತಂಡಗಳಿಗೆಲ್ಲ 2000ದಲ್ಲಿ ನ್ಯಾಷನಲ್ ಕ್ಲಬ್ ಬೇಸ್‌ಬಾಲ್ ಅಸೋಸಿಯೇಷನ್ ಅಂತ ಒಂದು ಸಂಸ್ಥೆ ಶುರುವಾಗಿತ್ತು. ಅದರ ವರ್ಲ್ಡ್ ಸೀರೀಸನ್ನು ಇವರು 2004ರಿಂದ ಸತತ ಮೂರು ವರ್ಷ ಗೆದ್ದಿದ್ದರು. ನಾನು ಹೋಗುವ ಮೂರು ತಿಂಗಳ ಹಿಂದೆ, 2008ರಲ್ಲೂ ಗೆದ್ದಿದ್ದರು. ನಾನು ಬೇಲಿ ಹಿಡಿದು ನೋಡುತ್ತಾ ನಿಂತಿದ್ದು ದೇಶದ ಚಾಂಪಿಯನ್ನರನ್ನು! ಅಲ್ಲಿದ್ದ ಜನ ಅಂದರೆ ನಾನು ಮತ್ತು ನಾಯಿ ತಿರುಗಿಸಲು ಬಂದ ಒಬ್ಬ ಅಜ್ಜ.

ವಾರಗಟ್ಟಲೆ ನೋಡಿದ ಮೇಲೆ ಒಬ್ಬ ಹುಡುಗ ಬಂದು ಮಾತಾಡಿಸಿದ. ಊರಲ್ಲಿ ಕ್ರಿಕೆಟ್ ಸ್ಕೋರ್ ಬರೆಯುತ್ತಿದ್ದೆ ಅಂದೆ. ಮುಂದಿನ ಶನಿವಾರ ಒಂದು ಸ್ಕೋರ್ ಪುಸ್ತಕ ತಂದು ಕೈಗಿಟ್ಟ.

ಆ ಪುಸ್ತಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಒಬ್ಬೊಬ್ಬ ಬ್ಯಾಟರ್‌ಗೆ ಒಂದೊಂದು ಸಾಲು, ಅವನು ಬಂದಾಗಲೆಲ್ಲ ಒಂದು ಚೌಕ. ಚೌಕದೊಳಗೆ ಪುಟ್ಟ ವಜ್ರದಾಕಾರ, ಅವನು ಎಷ್ಟು ಬೇಸ್ (ಓಡಿ ಮುಟ್ಟಬೇಕಾದ ಮೈದಾನದ ನಾಲ್ಕು ಮೂಲೆಗಳು) ಓಡಿದನೋ ಅಷ್ಟು ಗೆರೆ ಎಳೆಯಬೇಕು. ಫೀಲ್ಡರ್‌ಗಳಿಗೆ ಒಂದರಿಂದ ಒಂಬತ್ತರವರೆಗೆ ನಂಬರ್. 6-4-3 ಅಂದರೆ ಆರನೇ ನಂಬರಿನ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ಹಿಡಿದು ಸೆಕೆಂಡ್ ಬೇಸ್‌ಮ್ಯಾನ್‌ಗೆ ಎಸೆದ, ಅವನು ಫಸ್ಟ್ ಬೇಸ್‌ಗೆ ಎಸೆದ, ಇಬ್ಬರು ಔಟ್. ಸ್ಟ್ರೈಕ್‌ಔಟ್ ಆದರೆ, ಅಂದರೆ ಹೊಡೆಯಬೇಕಾದ ಚೆಂಡು ಮೂರು ಸಲ ತಪ್ಪಿ ಔಟಾದರೆ, 'ಕೆ' ಬರೆಯೋದು, ಬ್ಯಾಟ್ ಬೀಸದೆ ನೋಡುತ್ತಲೇ ಔಟಾದರೆ ಅದೇ ಇಂಗ್ಲಿಷ್ 'ಕೆ' ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ. ಈ 'ಕೆ' ತಂದವರು ಹೆನ್ರಿ ಚಾಡ್ವಿಕ್, ಇಂಗ್ಲೆಂಡಿನಲ್ಲಿ ಹುಟ್ಟಿ ನ್ಯೂಯಾರ್ಕಿನ ಪತ್ರಿಕೆಗಳಿಗೆ ಮೊದಲು ಕ್ರಿಕೆಟ್ ವರದಿ ಬರೆಯುತ್ತಿದ್ದವರು. ಇದು ಗೊತ್ತಾದ ದಿನ ನನಗೆ ಎಷ್ಟು ಖುಷಿಯಾಯಿತೆಂದರೆ, ರಾತ್ರಿಯೇ ಪಿಡಿ ಸರ್‌ಗೆ ಉದ್ದದ ಇ-ಮೇಲ್ ಬರೆದೆ.

ಮಾರ್ಚ್‌ನಲ್ಲಿ ಮ್ಯಾಚುಗಳು ಶುರುವಾದವು, ಆದರೆ ಅಲ್ಲಿ ಏಪ್ರಿಲ್‌ನಲ್ಲೂ ಹಿಮ ಬೀಳುತ್ತೆ. ಬೆಳಗ್ಗೆ ಆರಕ್ಕೆ ಎಲ್ಲರೂ ಸಲಿಕೆ ಹಿಡಿದು ಹಿಮ ತೆಗೆದು, ಮಣ್ಣು ಒಣಗಿಸಿ, ಮಧ್ಯಾಹ್ನ ಅದೇ ಕೈಯಲ್ಲಿ ಆಡುತ್ತಿದ್ದರು. ಪೆನ್ ಹೆಪ್ಪುಗಟ್ಟುತ್ತಿತ್ತು, ಪೆನ್ಸಿಲ್‌ಗೆ ಬದಲಾಯಿಸಿಕೊಂಡೆ. ಪಿಚರ್ (ಚೆಂಡೆಸೆಯುವವ) ಒಬ್ಬ ಪಶುವೈದ್ಯಕೀಯ ಸೇರುವ ತಯಾರಿಯಲ್ಲಿದ್ದ, ಇನಿಂಗ್ಸ್‌ಗಳ ಮಧ್ಯೆ ನನ್ನ ಪಕ್ಕ ಕೂತು ನೋಟ್ಸ್ ಓದುತ್ತಿದ್ದ. ಇವರಲ್ಲಿ ಯಾರಿಗೂ ಆಟದಿಂದ ಬರುವ ದುಡ್ಡಿರಲಿಲ್ಲ. ಆಡದೆ ಇರೋಕೆ ಆಗುತ್ತಿರಲಿಲ್ಲ, ಅಷ್ಟೇ.

ಮೇ ಕೊನೆಗೆ ವರ್ಲ್ಡ್ ಸೀರೀಸ್, ಫ್ಲೋರಿಡಾದಲ್ಲಿ. ಎಂಟು ತಂಡ. ಒಮ್ಮೆ ಸೋತರೆ ಇನ್ನೊಂದು ಅವಕಾಶ, ಎರಡನೇ ಸಲ ಸೋತರೆ ಮನೆಗೆ. ಈ ಪದ್ಧತಿ ನನಗೆ ನಮ್ಮ ನಾಕ್‌ಔಟ್‌ಗಿಂತ ಚೆನ್ನಾಗಿ ಕಾಣುತ್ತೆ, ಒಂದು ಕೆಟ್ಟ ಬೆಳಗ್ಗೆಯಿಂದ ವರ್ಷದ ಶ್ರಮ ಹಾಳಾಗಲ್ಲ. ಆದರೆ ದಿನ ಬಿಟ್ಟು ದಿನ ಮ್ಯಾಚ್ ಇದ್ದಾಗ ಪಿಚರ್‌ಗಳ ತೋಳು ಸೋಲುತ್ತೆ, ಯಾರನ್ನು ಯಾವತ್ತಿಗೆ ಉಳಿಸಿಕೊಳ್ಳಬೇಕು ಅನ್ನೋದೇ ದೊಡ್ಡ ಲೆಕ್ಕ.

ನಾನು ಹೋಗಲಿಲ್ಲ. ವಿಮಾನಕ್ಕೆ ದುಡ್ಡಿರಲಿಲ್ಲ, ಲ್ಯಾಬ್ ಕೆಲಸವೂ ಇತ್ತು. ನಮ್ಮ ಕ್ಯಾಚರ್‌ನ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನ) ಅಪ್ಪ ಹೋಗಿದ್ದರು. "ನೀನು ಪುಸ್ತಕ ತೆಗೆದಿಟ್ಟುಕೋ, ನಾನು ಫೋನಲ್ಲಿ ಹೇಳ್ತೀನಿ" ಅಂದರು. ಫ್ಲೋರಿಡಾ ನಮಗಿಂತ ಎರಡು ಗಂಟೆ ಮುಂದೆ. ಲ್ಯಾಬ್‌ನ ಕಿಟಕಿ ಪಕ್ಕ ಕೂತು, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು, ಅವರು ಹೇಳಿದ್ದನ್ನೆಲ್ಲ ಗೀಚುತ್ತಾ ಹೋದೆ. ನೋಡದೆ ಬರೆಯೋದು ಕಷ್ಟ. ಆದರೂ ಮೂರನೇ ದಿನಕ್ಕೆ ಅವರ ಉಸಿರಿನಲ್ಲೇ ಗೊತ್ತಾಗುತ್ತಿತ್ತು, ಚೆಂಡು ಎಲ್ಲಿಗೆ ಹೋಯಿತು ಅಂತ.

2009ರಲ್ಲೂ ನಮ್ಮ ಹುಡುಗರೇ ಗೆದ್ದರು. ಮರುವರ್ಷ ಮತ್ತೆ ಗೆದ್ದು ಒಟ್ಟು ಆರು ಮಾಡಿಕೊಂಡರು. ಆದರೆ 2009ರ ಆ ಸಂಜೆ, ಕೊನೆಯ ಔಟ್ ಆಗುವಾಗ ಫೋನಿನಲ್ಲಿ ಬರೀ ಕೂಗು. "ಯಾರು ಹಿಡಿದರು? ನಂಬರ್ ಹೇಳಿ!" ಅಂತ ನಾನೂ ಕೂಗಿದೆ. ಅವರು ಅಳುತ್ತಿದ್ದರು. ಆಮೇಲೆ ಫೋನ್ ಕಟ್ ಆಯಿತು.

ತಂಡ ವಾಪಸು ಬಂದ ಮೇಲೆ ಕೇಳಿದೆ. ಒಬ್ಬ ಒಂದು ಹೇಳಿದ, ಇನ್ನೊಬ್ಬ ಇನ್ನೊಂದು. ಎಲ್ಲರೂ ಆ ಹೊತ್ತಿಗೆ ಓಡಿ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಪುಸ್ತಕ ಈಗಲೂ ನನ್ನ ಹತ್ತಿರ ಇದೆ. ಪಿಡಿ ಸರ್ ಮಾತು ನೆನಪಿತ್ತು, ಊಹೆ ಮಾಡಿ ತುಂಬಲಿಲ್ಲ. ಆ ಚೌಕ ಹಾಗೇ ಬಿಟ್ಟಿದ್ದೀನಿ.