ಮಾವನವರ ಒಂದು ಮಾತು

“ನಮ್ಮಜ್ಜ ಮನಿ ಮನಿ ತಿರಗಿ ಹುಡುಗ್ರನ್ನ ಸಾಲಿಗೆ ಕರಕೊಂಡ ಬಂದಾ. ನೀ ಸಾಲ್ಯಾಗಿನ ಹುಡುಗ್ರನ್ನ ಮನಿಗೆ ಕರಕೊಂಡ ಬಂದಿ ನೋಡವಾ.”

ಕಳೆದ ಭಾನುವಾರ ಆರಾಧನೆ ಮುಗಿಸಿಕೊಂಡು ಬಂದು ಊಟಕ್ಕೆ ಕುಳಿತಾಗ ನಮ್ಮ ಮಾವನವರು ಹೇಳಿದ ಮಾತಿದು. ಅವರು ದನಿ ಏರಿಸಲಿಲ್ಲ, ರೊಟ್ಟಿ ಮುರಿಯುವುದನ್ನು ನಿಲ್ಲಿಸಲೂ ಇಲ್ಲ. ಹೇಳಿ ಮುಗಿಸಿ, ಇನ್ನೊಂದು ಸೌಟು ಸಾರು ಕೇಳಿದರು. ಅಂದಿನಿಂದ ಪಾತ್ರೆ ತೊಳೆಯುವಾಗಲೂ, ಮಗನ ಶುದ್ಧಬರಹ ತಿದ್ದುವಾಗಲೂ ಈ ಎರಡು ವಾಕ್ಯಗಳು ನನ್ನ ಕಿವಿಯಲ್ಲೇ ಇವೆ. ಮಿಷನ್ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದ ಮನುಷ್ಯ ಅವರು; ವಾಕ್ಯವನ್ನು ಎಲ್ಲಿ ನಿಲ್ಲಿಸಿದರೆ ಎಲ್ಲಿ ನಾಟುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಅವರ ಅಜ್ಜ ಬೆಟಗೇರಿಯ ಸುತ್ತಲಿನ ಹಳ್ಳಿಗಳಲ್ಲಿ ಉಪದೇಶಿ, ಅಂದರೆ ಕ್ರೈಸ್ತ ಧರ್ಮಬೋಧಕ, ಆಗಿದ್ದವರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ ತಲುಪಿದ ಕಥೆಯನ್ನು ಮಾವನವರು ಮೊಮ್ಮಕ್ಕಳಿಗೆ ಹೇಳುವಾಗ, ಪ್ರತಿ ಊರಿನಲ್ಲೂ ಮೊದಲು ಶಾಲೆ ಬಂತು ಎಂಬುದನ್ನು ಒತ್ತಿ ಹೇಳುತ್ತಾರೆ. ಊರಿನವರು ಇಂದಿಗೂ ಜರ್ಮನ್ ದವಾಖಾನೆ ಎಂದೇ ಕರೆಯುವ ಆಸ್ಪತ್ರೆ ಅವರ ಕಥೆಯಲ್ಲಿ ಎರಡನೆಯ ಸ್ಥಾನದಲ್ಲಿದೆ. ಹೀಗಿರುವಾಗ ಅದೇ ಮನೆತನದ ಸೊಸೆ ಮಕ್ಕಳಿಬ್ಬರನ್ನೂ ಶಾಲೆ ಬಿಡಿಸಿ, ಪಡಸಾಲೆಯಲ್ಲಿ ಕೂರಿಸಿಕೊಂಡು ಪಾಠ ಹೇಳುವುದು ಅವರಿಗೆ ಹೇಗೆ ಕಾಣಬೇಕು?

ಶಾಲೆ ಬಿಡಿಸಿದ್ದಕ್ಕೆ ನಮ್ಮ ಕಾರಣಗಳಿದ್ದವು. ಮಗ ಎರಡನೆಯ ತರಗತಿಗೆ ಬಂದರೂ ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಒಂದು ಸಾಲನ್ನು ಎಡವದೆ ಓದುತ್ತಿರಲಿಲ್ಲ. ಶಾಲೆಯ ವ್ಯಾನು ಬರುವ ಹೊತ್ತಿಗೆ ಅವನಿಗೆ ದಿನವೂ ಹೊಟ್ಟೆನೋವು ಬರುತ್ತಿತ್ತು. ಮಗಳು ರಾತ್ರಿ ಹತ್ತರವರೆಗೆ ಉತ್ತರಗಳನ್ನು ನಕಲು ಮಾಡುತ್ತಿದ್ದಳು. ಇದರ ಜೊತೆಗೆ ವಿಶ್ವಾಸದ ಕಾರಣವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಮನೆಯಲ್ಲಿ ಕೂತಾಗಲೂ ದಾರಿಯಲ್ಲಿ ನಡೆವಾಗಲೂ ಮಕ್ಕಳಿಗೆ ದೇವರ ಮಾತನ್ನು ಕಲಿಸಬೇಕೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ನಮ್ಮ ಮನೆಯಲ್ಲಾದರೋ ಕೂರುವ ಹೊತ್ತೇ ಉಳಿದಿರಲಿಲ್ಲ.

ಈಗ ದಿನ ಆರಂಭವಾಗುವುದು ಕುಟುಂಬ ಪ್ರಾರ್ಥನೆಯಿಂದ. ಒಂದು ಕೀರ್ತನೆ ಹಾಡಿದ ಮೇಲೆ ಮಕ್ಕಳು ಸರದಿಯಂತೆ ಸತ್ಯವೇದದ ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದುತ್ತಾರೆ. ಒತ್ತಕ್ಷರ ಕಂಡರೆ ಅಳುತ್ತಿದ್ದ ಹುಡುಗ ದಾನಿಯೇಲನ ಗ್ರಂಥ ಮುಗಿಯುವಷ್ಟರಲ್ಲಿ ‘ನೆಬೂಕದ್ನೆಚ್ಚರ’ ಎಂಬುದನ್ನು ಒಂದೇ ಉಸಿರಿಗೆ ಓದತೊಡಗಿದ. ಈಗ ಬೀದಿಯಲ್ಲಿ ಸಿಕ್ಕವರಿಗೆಲ್ಲ ಅದನ್ನು ಹೇಳಿಸಿ ಸೋಲಿಸುತ್ತಾನೆ. ಆಮೇಲೆ ಗಣಿತ, ಕನ್ನಡ, ಇಂಗ್ಲಿಷ್. ನನ್ನ ಗಂಡ ಗದಗಿನ ಮುದ್ರಣಾಲಯವೊಂದರಲ್ಲಿ ಕೆಲಸ ಮಾಡುವುದರಿಂದ ಅಂಚು ಕತ್ತರಿಸಿ ಉಳಿದ ಕಾಗದಕ್ಕೆ ನಮ್ಮಲ್ಲಿ ಬರವಿಲ್ಲ. ಮಗಳ ಲೆಕ್ಕಗಳೆಲ್ಲ ಗೇಣು ಅಗಲದ ಉದ್ದುದ್ದ ಪಟ್ಟಿಗಳಲ್ಲಿವೆ.

ಮೊದಲಿಗೆ, ಅಮೆರಿಕದ ಕ್ರೈಸ್ತ ಕುಟುಂಬಗಳು ಮನೆಪಾಠಕ್ಕೆ ಬಳಸುವ ಪುಸ್ತಕಗಳನ್ನು ಪರಿಚಿತರೊಬ್ಬರು ತಂದುಕೊಟ್ಟಿದ್ದರು. ಅಲ್ಲಿ ಅದೊಂದು ದೊಡ್ಡ ಲೋಕ; 1993ರ ಹೊತ್ತಿಗೇ ಐವತ್ತೂ ರಾಜ್ಯಗಳಲ್ಲಿ ಮನೆಪಾಠಕ್ಕೆ ಕಾನೂನಿನ ಮನ್ನಣೆ ಸಿಕ್ಕಿತ್ತು. ಆದರೆ ಆ ಪುಸ್ತಕದ ಲೆಕ್ಕಗಳೆಲ್ಲ ಡಾಲರಿನ ಕಾಲುಭಾಗದ ನಾಣ್ಯಗಳಲ್ಲಿದ್ದವು. ಇತಿಹಾಸ 1620ರಲ್ಲಿ ಮೇಫ್ಲವರ್ ಹಡಗಿನಿಂದ ಶುರುವಾಗುತ್ತಿತ್ತು. ಅವುಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಗುಣಾಕಾರವನ್ನು ಮಕ್ಕಳು ಕಲಿತದ್ದು ಪಕ್ಕದ ಮನೆಯ ನೇಕಾರರ ಮಗ್ಗದ ಮುಂದೆ. ಹಾಸಿನಲ್ಲಿ ಒಂದು ಇಂಚಿಗೆ ಎಷ್ಟು ಎಳೆಗಳಿವೆ ಎಂದು ಸೂಜಿಯ ತುದಿಯಿಂದ ಎಣಿಸಿ, ಸೀರೆಯ ಅಗಲದಿಂದ ಗುಣಿಸಿ, ಬಂದ ಉತ್ತರವನ್ನು ನೇಕಾರರ ಮುಂದೆ ಒಪ್ಪಿಸಿದರು. ಅವರು ಲಾಳಿ ನಿಲ್ಲಿಸಿ, “ಅಂಚಿನ ಎಳಿ ಬಿಟ್ಟೀರಿ” ಎಂದರು. ಸಹಕಾರ ಎಂದರೇನೆಂದು ತಿಳಿಯಲು ಕಣಗಿನಹಾಳಕ್ಕೆ ಹೋಗಿ, 1905ರಲ್ಲಿ ಅಲ್ಲಿ ಆರಂಭವಾದ ಸಂಘದ ಕಥೆ ಕೇಳಿ ಬಂದೆವು. ವೀರನಾರಾಯಣ ಗುಡಿಯ ಯಾವ ಕಂಬಕ್ಕೆ ಒರಗಿ ಕುಮಾರವ್ಯಾಸ ಬರೆದನೆಂದು ಜನ ಹೇಳುತ್ತಾರೋ ಅದರ ಬಳಿ ನಿಂತು ಮಗಳು ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದಳು. ಕ್ರೈಸ್ತರ ಮಕ್ಕಳು ಗುಡಿಗೇಕೆ ಹೋದರೆಂದು ಸಭೆಯಲ್ಲಿ ಒಬ್ಬಿಬ್ಬರು ಗುಸುಗುಸು ಮಾಡಿದರಂತೆ. ಗದಗಿನಲ್ಲಿ ಹುಟ್ಟಿ ಕುಮಾರವ್ಯಾಸನನ್ನು ಬಿಟ್ಟು ಕನ್ನಡ ಕಲಿಸುವ ವಿದ್ಯೆ ನನಗಂತೂ ಬರುವುದಿಲ್ಲ.

ಪಾಠದ ಬಗ್ಗೆ ಮಾವನವರಿಗೂ ತಕರಾರಿಲ್ಲ. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಹತ್ತನೆಯ ಸೆಕ್ಷನ್ ಹೇಳುತ್ತದೆ ಎಂದು ಅವರೊಮ್ಮೆ ನೆನಪಿಸಿದ್ದರು. ಸೇರಿಸದ ಪೋಷಕರಿಗೆ ಕಾಯ್ದೆಯಲ್ಲಿ ಶಿಕ್ಷೆಯಿಲ್ಲವೆಂದೂ, ಹದಿನಾಲ್ಕು ತುಂಬಿದ ಮೇಲೆ ಮಗಳು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದೆಂದೂ ನನ್ನ ಗಂಡ ಉತ್ತರಿಸಿದಾಗ ಅವರು ತಲೆಯಾಡಿಸಿ ಸುಮ್ಮನಾದರು. ಕಾನೂನು ಅವರ ನೋವಿನ ಮೂಲವಾಗಿರಲಿಲ್ಲ.

ಭಾನುವಾರದ ಮಾತಿಗೆ ಕಾರಣ ಬೇರೆಯೇ ಇತ್ತು. ಆರಾಧನೆ ಮುಗಿದು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಸಭೆಯ ಹಿರಿಯ ಅಕ್ಕ ಒಬ್ಬರು ನನ್ನ ಕೈ ಹಿಡಿದು, “ಭಾಳ ಛಲೋ ಮಾಡಿ ತಂಗಿ. ಹೊರಗಿನ ಹುಡುಗ್ರ ಗಾಳಿ ತಾಗಬಾರದು ನೋಡು” ಎಂದರು. ಹಾಗಲ್ಲ ಅಕ್ಕಾ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಇನ್ನೊಬ್ಬರ ಕೈ ಹಿಡಿದಾಗಿತ್ತು. ಇವರು ಹಾಗೆಯೇ, ಉತ್ತರ ಕೇಳುವ ವ್ಯವಧಾನವಿಲ್ಲದವರು, ಆದರೆ ಕಾಯಿಲೆ ಬಿದ್ದರೆ ಮೊದಲು ಗಂಜಿ ತರುವವರು. ಪಕ್ಕದಲ್ಲೇ ನಿಂತಿದ್ದ ಮಾವನವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಊಟದ ಹೊತ್ತಿಗೆ ಬಂದದ್ದು ಆ ಹೊಗಳಿಕೆಗೆ ಅವರು ಕೊಟ್ಟ ಉತ್ತರ.

ನನಗೆ ಹೆಚ್ಚು ಚುಚ್ಚಿದ್ದೂ ಆ ಹೊಗಳಿಕೆಯೇ. ಯಾರು ಹೊರಗಿನವರು? ದಿನವೂ ಸಂಜೆ ಸರಕಾರಿ ಶಾಲೆಯಿಂದ ಬಂದು ಪಾಟೀಚೀಲ ಎಸೆದು ನಮ್ಮ ಗೇಟಿನ ಮೇಲೆ ಹತ್ತಿ ನಿಲ್ಲುವ ನೇಕಾರರ ಹುಡುಗಿಯೇ? ಅವಳು ಶಾಲೆಯ ಬಿಸಿಯೂಟದಲ್ಲಿ ತತ್ತಿ ಕೊಟ್ಟರೆಂದು ಹೇಳಿದ ದಿನ, ಮನೆಯಲ್ಲೇ ಕೋಳಿಗಳಿದ್ದರೂ ನನ್ನ ಮಗ ತಾನೂ ಆ ಶಾಲೆಗೆ ಹೋಗುತ್ತೇನೆಂದು ಹಟ ಹಿಡಿದಿದ್ದ.

ಊಟವಾದ ಮೇಲೆ ಮಾವನವರು ನನ್ನ ಮಗಳನ್ನು ಕರೆದು, ನನಗೂ ಕೇಳುವಂತೆ, 1856ರ ಧಾರವಾಡದ ಸಂಗತಿ ಹೇಳಿದರು. ಆ ವರ್ಷ ಮಹಾರ ಜಾತಿಯ ಹುಡುಗನೊಬ್ಬ ಅಲ್ಲಿನ ಸರಕಾರಿ ಶಾಲೆಯಲ್ಲಿ ಪ್ರವೇಶ ಕೇಳಿದ. ಅವನನ್ನು ಸೇರಿಸಿಕೊಂಡರೆ ಉಳಿದವರು ಬಿಟ್ಟುಹೋದಾರೆಂದು ಮುಂಬಯಿ ಸರಕಾರ ಒಪ್ಪಲಿಲ್ಲ. ಸರಕಾರಿ ಶಾಲೆ ಎಲ್ಲರಿಗೂ ತೆರೆದಿರಬೇಕೆಂಬ ಮಾತು ಮೇಲಿನಿಂದ ಬಂದದ್ದು 1858ರಲ್ಲಿ. “ಪಾಠ ಅವಂಗ ಮನ್ಯಾಗೂ ಹೇಳಬಹುದಿತ್ತಲ್ಲವಾ? ಅವ ಕೇಳಿದ್ದು ಪಾಠ ಅಲ್ಲ, ಬಾಜೂಕ ಕೂಡ್ರಾಕ ಜಾಗ” ಎಂದರು.

ನಾನು ಸುಮ್ಮನಿರಲಿಲ್ಲ. ನೀವು ಕಲಿಸಿದ ಕಾಲದಲ್ಲಿ ವಕೀಲರ ಮಗನೂ ಹಮಾಲನ ಮಗನೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು, ಈಗ ಆ ಬೆಂಚೇ ಇಲ್ಲ ಎಂದೆ. ಮಗಳ ಹಳೆಯ ತರಗತಿಯಲ್ಲಿ ಅಷ್ಟು ಫೀಸು ಕಟ್ಟಬಲ್ಲವರ ಮಕ್ಕಳೇ ಇದ್ದರು. ಯಾರ ಜಾತಿಯನ್ನೂ ಕೇಳದೆ ಬಾಗಿಲಲ್ಲೇ ಜನರನ್ನು ಬೇರ್ಪಡಿಸುವ ಕೆಲಸವನ್ನು ಈಗ ರಸೀದಿ ಪುಸ್ತಕ ಮಾಡುತ್ತಿದೆ. ಮಗಳಿಗೆ ನೇಕಾರರ ಹುಡುಗಿಯ ಗೆಳೆತನವಾದದ್ದು ಶಾಲೆ ಬಿಟ್ಟ ಮೇಲೆಯೇ ಹೊರತು ಶಾಲೆಯಲ್ಲಲ್ಲ. ಮಾವನವರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ, “ಹಂಗಾರ ಆ ಹುಡುಗಿ ಹೋಗೂ ಸರಕಾರಿ ಸಾಲಿಗೇ ಹಾಕು” ಎಂದರು.

ಇದಕ್ಕೆ ನನ್ನಲ್ಲಿರುವ ಉತ್ತರ ಅರ್ಧ ಮಾತ್ರ. ಮಗ ಈಗ ಓದಿನಲ್ಲಿ ನೆಲೆ ಕಂಡುಕೊಂಡಿದ್ದಾನೆ, ಅದನ್ನು ಕದಲಿಸಲು ನನಗೆ ಮನಸ್ಸಿಲ್ಲ. ಮಗಳ ಪರೀಕ್ಷೆಯ ದಾರಿಯೂ ಗೊತ್ತುಮಾಡಿಯಾಗಿದೆ. ಆದ್ದರಿಂದ ಮನೆಪಾಠವನ್ನು ನಾವು ಬಿಡುವುದಿಲ್ಲ. ಆದರೆ ಭಾನುವಾರದ ಶಾಲೆ ಇದೆ, ಯುವಜನ ಕೂಟ ಇದೆ, ಮಕ್ಕಳಿಗೆ ಒಡನಾಟಕ್ಕೇನು ಕಡಿಮೆ ಎಂದು ನಮ್ಮಂಥ ಮನೆಯವರು ಹೇಳುವ ಸಮಾಧಾನ ನನಗೆ ಒಪ್ಪಿಗೆಯಾಗುವುದಿಲ್ಲ. ಅವೆಲ್ಲ ಒಂದೇ ಸಭೆಯವರ, ಒಂದೇ ಹಾಡಿನ ಪುಸ್ತಕದವರ ಒಡನಾಟ. ಮನೆಯಲ್ಲಿ ಕಲಿಸುವ ತಾಯಿಗೆ ವಿಜ್ಞಾನ ತಿಳಿಯದಿದ್ದರೆ ಪುಸ್ತಕ ಸಿಗುತ್ತದೆ. ತನ್ನ ಮಗುವಿನ ಪಕ್ಕದಲ್ಲಿ ತಾನು ಆರಿಸದ ಮಗುವನ್ನು ಕೂರಿಸುವುದು ಅವಳ ಕೈಯಲ್ಲಿಲ್ಲ. ಶಾಲೆ ಎಷ್ಟೇ ಕೆಟ್ಟದಾಗಿದ್ದರೂ ಹಾಜರಿ ಪುಸ್ತಕದ ಕ್ರಮದಲ್ಲಿ ಅಷ್ಟನ್ನು ಮಾಡುತ್ತಿತ್ತು. ಉಪದೇಶಿ ಅಜ್ಜ ಮನೆ ಮನೆ ತಿರುಗಿದ್ದು ತನ್ನ ಸಭೆಯ ಮಕ್ಕಳನ್ನಷ್ಟೇ ಹುಡುಕಿಕೊಂಡಲ್ಲ ಎಂಬುದು ಮಾವನವರ ಮಾತಿನ ತಿರುಳು.

ಗುರುವಾರ ಸಂಜೆ ಅವರು ಹೇಳದೆ ಕೇಳದೆ ಬಂದರು. ದಿನವೂ ಒಂದು ತಾಸು ಗಣಿತ ಹೇಳಿಕೊಡಲು ತಯಾರಿದ್ದೇನೆ, ಆದರೆ ಎರಡೇ ಹುಡುಗರಿಗೆ ಪಾಠ ಹೇಳಿ ತನಗೆ ರೂಢಿಯಿಲ್ಲ, ಓಣಿಯಲ್ಲಿ ಯಾರ ಮಕ್ಕಳು ಬಂದರೂ ಬೇಡವೆನ್ನಬಾರದು ಎಂಬುದು ಅವರ ಷರತ್ತು. ನನ್ನ ಗಂಡನಿಗೆ ಪಡಸಾಲೆಯ ಚಿಂತೆ, ನನಗೆ ಸಂಜೆಯ ಅಡುಗೆಯ ಚಿಂತೆ. ನಾವಿಬ್ಬರೂ ಯೋಚಿಸಿ ಹೇಳುತ್ತೇವೆಂದು ಹೇಳುತ್ತಿರುವಾಗಲೇ ಮಗಳು ಗೇಟಿನ ಹತ್ತಿರ ಹೋಗಿ ನೇಕಾರರ ಹುಡುಗಿಯನ್ನೂ ಅವಳ ತಮ್ಮನನ್ನೂ ಕರೆತಂದಳು. ಮಾವನವರು ನಾಲ್ವರನ್ನೂ ಸಾಲಾಗಿ ಕೂರಿಸಿ ಮಗ್ಗಿ ಕೇಳಿದರು. ಹನ್ನೆರಡರ ಮಗ್ಗಿಯಲ್ಲಿ ನನ್ನ ಮಗ ನಡುವೆ ತಡವರಿಸಿದ, ಸರಕಾರಿ ಶಾಲೆಯ ಹುಡುಗಿ ತಡವರಿಸಲಿಲ್ಲ. ಈ ಸುದ್ದಿಯನ್ನು ಅವರು ಈಗಾಗಲೇ ಓಣಿಯ ನಾಲ್ಕಾರು ಮನೆಗಳಲ್ಲಿ ಬಹಳ ಸಂತೋಷದಿಂದ ಹೇಳಿ ಬಂದಿದ್ದಾರೆ.